ಪಟ್ಟಿಯಲ್ಲಿಲ್ಲದ ಸಾಮಾನು

ಮದುವೆಯ ಅಡುಗೆ ಭಟ್ಟರು ಬರೆದುಕೊಡುವ ಸಾಮಾನಿನ ಪಟ್ಟಿಯನ್ನು ನೀವು ನೋಡಿರಬಹುದು. ಅಕ್ಕಿ, ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಇಂಗು, ಗೋಡಂಬಿಯಿಂದ ಹಿಡಿದು ಪಾಯಸಕ್ಕೆ ಹಾಕುವ ಚಿಟಿಕೆ ಪಚ್ಚಕರ್ಪೂರದವರೆಗೆ ಎಲ್ಲವೂ ಅದರಲ್ಲಿರುತ್ತದೆ. ನೀರು ಮಾತ್ರ ಇರುವುದಿಲ್ಲ. ನೀರು ಇದ್ದೇ ಇರುತ್ತದೆ ಎಂದು ಭಟ್ಟರೂ ನಂಬಿರುತ್ತಾರೆ, ಬೀಗರೂ ನಂಬಿರುತ್ತಾರೆ. ಛತ್ರದ ಬೋರ್‌ವೆಲ್ ಕೆಟ್ಟ ದಿನವೇ ಅದರ ನೆನಪಾಗುವುದು.

ನಾವು ಸಾಫ್ಟ್‌ವೇರ್ ಬರೆಯುವವರೂ ಇಂಥದೇ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತೇವೆ. ಯಾರೂ ಇವತ್ತು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಚಿತ್ರ ಬಿಡಿಸುವುದಕ್ಕೆ ಒಂದು ಲೈಬ್ರರಿ, ಲೆಕ್ಕಕ್ಕೆ ಒಂದು, ಡೇಟಾಬೇಸಿನ ಜೊತೆ ಮಾತಾಡಲು ಇನ್ನೊಂದು, ಹೀಗೆ ಬೇರೆಯವರು ಬರೆದು ಹಂಚಿದ್ದನ್ನು ತಂದು ಸೇರಿಸಿ ಕೆಲಸ ಮಾಡುತ್ತೇವೆ. ಯಾವ ಲೈಬ್ರರಿ, ಅದರ ಎಷ್ಟನೆಯ ಆವೃತ್ತಿ ಎಂದು ಒಂದು ಕಡತದಲ್ಲಿ ಬರೆದಿಡುತ್ತೇವೆ. ಪೈಥಾನ್ ಭಾಷೆಯಲ್ಲಿ ‘ಪಿಪ್’ ಎಂಬ ಸಲಕರಣೆಗೆ ಆ ಪಟ್ಟಿಯನ್ನು ಕೊಟ್ಟರೆ ಅದು ಅಂಗಡಿಗೆ ಹೋಗಿ ಎಲ್ಲವನ್ನೂ ತಂದು ಜೋಡಿಸುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಮೊದಲ ದಿನವೇ ಹೇಳಿಕೊಡುತ್ತಾರೆ. ಕೋಡ್ ಅಲ್ಲದ ಆದರೆ ಕೋಡಿಗೆ ಬೇಕೇಬೇಕಾದ ಸಾಮಾನುಗಳ ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ಅಕ್ಷರದ ಫಾಂಟು, ಊರೂರಿನ ಸಮಯ ಹೇಳುವ ಕಾಲವಲಯದ ಕಡತ, ಕಾಗುಣಿತ ತಿದ್ದುವ ನಿಘಂಟು, ಚಿತ್ರದಿಂದ ಅಕ್ಷರ ಓದುವ ತಂತ್ರಾಂಶಕ್ಕೆ ಕನ್ನಡ ಕಲಿಸಿದ ದತ್ತಾಂಶ, ಆಪರೇಟಿಂಗ್ ಸಿಸ್ಟಮಿನ ಹೊಟ್ಟೆಯೊಳಗೆ ಕೂತಿರುವ ಸಣ್ಣಪುಟ್ಟ ಫೈಲುಗಳು. ಇವೆಲ್ಲ ನೀರಿನ ಹಾಗೆ. ಪಿಪ್‌ನ ಕಣ್ಣಿಗೆ ಇವು ಬಹುತೇಕ ಬೀಳುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಚಿಕ್ಕ ಕಂಪನಿ ಹಳ್ಳಿಯ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಬೆಳಗ್ಗೆ ಮತ್ತು ಸಂಜೆ ಹಾಲು ಹಾಕಿದವರಿಗೆ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ದರ ಎಷ್ಟು ಎಂದು ಒಂದು ಚೀಟಿ ಬರಬೇಕು. ಬಿಲ್ ಹಾಕುವ ಪುಟ್ಟ ಥರ್ಮಲ್ ಪ್ರಿಂಟರುಗಳಿಗೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ. ಇಂಗ್ಲಿಷ್ ಅಕ್ಷರ ಕಳಿಸಿದರೆ ತಾನೇ ಒತ್ತುತ್ತದೆ, ಕನ್ನಡ ಕಳಿಸಿದರೆ ಏನೇನೋ ಕಾರುತ್ತದೆ. ಅದಕ್ಕೆ ನಾವೆಲ್ಲ ಮಾಡುವ ಉಪಾಯವೆಂದರೆ ಇಡೀ ಚೀಟಿಯನ್ನು ಸರ್ವರಿನಲ್ಲಿ ಒಂದು ಚಿತ್ರವಾಗಿ ಬಿಡಿಸಿ, ಆ ಚಿತ್ರವನ್ನು ಪ್ರಿಂಟರಿಗೆ ಕೊಡುವುದು. ಪ್ರಿಂಟರಿಗೆ ಅದು ಕನ್ನಡವೋ ಕಮಲದ ಹೂವೋ ಗೊತ್ತಾಗುವುದಿಲ್ಲ, ಕಪ್ಪು ಚುಕ್ಕಿ ಬಿಳಿ ಚುಕ್ಕಿ ಅಷ್ಟೇ. ಚಿತ್ರ ಬಿಡಿಸುವ ಕೆಲಸಕ್ಕೆ ಪಿಲ್ಲೋ ಎಂಬ ಪೈಥಾನ್ ಲೈಬ್ರರಿ ಇತ್ತು. ಫಾಂಟಿಗೆ ನೋಟೋ ಸಾನ್ಸ್ ಕನ್ನಡ. ವರ್ಷಕ್ಕೂ ಹೆಚ್ಚು ಕಾಲ ಎಲ್ಲ ಸರಿಯಾಗಿಯೇ ನಡೆದಿತ್ತು.

ಆಮೇಲೆ ಸರ್ವರ್ ನೋಡಿಕೊಳ್ಳುವವರು ಖರ್ಚು ಉಳಿಸಲೆಂದು ಹಳೆಯ ದೊಡ್ಡ ಯಂತ್ರವನ್ನು ಬಿಟ್ಟು ಕಂಟೇನರ್ ಪದ್ಧತಿಗೆ ಬಂದರು. ಕಂಟೇನರ್ ಎಂದರೆ ಬೇಕಾದಷ್ಟನ್ನೇ ಗಂಟು ಕಟ್ಟಿಕೊಂಡು ಹೊರಡುವ ಪ್ರಯಾಣಿಕನಂತೆ. ಅದರಲ್ಲೂ ‘ಸ್ಲಿಮ್’ ಎಂಬ ಹೆಸರಿನ ತೆಳು ಗಂಟುಗಳು ಸಿಗುತ್ತವೆ. ಅನಗತ್ಯ ಎನಿಸಿದ್ದನ್ನೆಲ್ಲ ತೆಗೆದಿರುತ್ತಾರೆ. ಇದು ಒಳ್ಳೆಯ ಪದ್ಧತಿಯೇ, ಎಲ್ಲ ಕಡೆ ಹೀಗೇ ಮಾಡುತ್ತಾರೆ. ಪರೀಕ್ಷೆಗಳೆಲ್ಲ ಪಾಸಾದವು. ಚೀಟಿಗಳು ಬರತೊಡಗಿದವು.

ಹನ್ನೊಂದನೆಯ ದಿನ ತುಮಕೂರು ಕಡೆಯ ಒಂದು ಡೈರಿಯ ಕಾರ್ಯದರ್ಶಿ ಫೋನ್ ಮಾಡಿದರು. “ಮೇಡಂ, ಒಬ್ಬ ಅಜ್ಜಿ ಮೂರು ದಿನದಿಂದ ಚೀಟಿ ಇಸ್ಕೊಳ್ತಿಲ್ಲ. ಇದು ನಂದಲ್ಲ ಅಂತಾರೆ. ಬಟವಾಡೆ ದಿನ ಹತ್ರ ಬಂತು, ಜಗಳ ಆಗುತ್ತೆ” ಎಂದರು. ಚೀಟಿಯ ಫೋಟೋ ಕಳಿಸಿ ಎಂದೆ. ಬಂದ ಫೋಟೋ ಮಸುಕಾಗಿತ್ತು, ಲೆಕ್ಕವೆಲ್ಲ ಸರಿಯಿದ್ದ ಹಾಗೆ ಕಂಡಿತು. ಶನಿವಾರ ಬಸ್ಸು ಹತ್ತಿ ಹೋದೆ.

ಸಂಜೆಯ ಸರದಿ. ಕ್ಯಾನುಗಳ ಸದ್ದು, ಹುಳಿ ಹಾಲಿನ ವಾಸನೆ, ಸ್ಟೀಲ್ ಸೋಪಾನಿ ಹಿಡಿದು ನಿಂತ ಹೆಂಗಸರ ಸಾಲು. ಅಜ್ಜಿ ಬಂದರು. ಹಾಲು ಅಳೆಸಿದರು. ಚೀಟಿ ಬಂತು. ಕಣ್ಣಿನ ಹತ್ತಿರ ಹಿಡಿದು ನೋಡಿ ಮೇಜಿನ ಮೇಲೆ ಇಟ್ಟುಬಿಟ್ಟರು.

“ಇದು ನನ್ದಲ್ಲ ಕಣಪ್ಪ.”

“ನಿಂದೇ ಕಣಜ್ಜಿ, ನಿನ್ ಹೆಸ್ರೇ ಬರ್ದೈತೆ. ಓದ್ಲಾ?” ಎಂದರು ಕಾರ್ಯದರ್ಶಿ.

“ನೀನು ಓದ್ಕಂಡೋನು, ಏನ್ ಬೇಕಾದ್ರೂ ಓದ್ತೀಯ. ನಂಗೆ ನನ್ ಹೆಸ್ರು ಹೆಂಗೈತೆ ಅಂತ ಗೊತ್ತು. ಕೆಳ್ಗಡೆ ಇನ್ನೊಂದು ಅಕ್ಷರ ಇರ್ಬೇಕು. ಎಲ್ಲೈತೆ?”

ನಾನು ಚೀಟಿ ಎತ್ತಿಕೊಂಡೆ. ಅವರ ಹೆಸರು ಇಲ್ಲಿ ಬೇಡ, ಎಲ್ಲರಿಗೂ ಗೊತ್ತಿರುವ ‘ಲಕ್ಷ್ಮಮ್ಮ’ ಎಂಬ ಹೆಸರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಚೀಟಿಯಲ್ಲಿ ಅದು ‘ಲಕ್‌ಷ್‌ಮಮ್‌ಮ’ ಎಂದಿತ್ತು. ಒತ್ತಕ್ಷರಗಳೆಲ್ಲ ಕೆಳಗಿನ ಜಾಗ ಬಿಟ್ಟು ಸಾಲಿಗೆ ಬಂದು ಕೂತಿದ್ದವು. ಅಕ್ಷರ ಬಲ್ಲವನು ಇದನ್ನು ಓದಿಕೊಳ್ಳುತ್ತಾನೆ, ಸ್ವಲ್ಪ ಎಡವಿದರೂ ಓದಿಕೊಳ್ಳುತ್ತಾನೆ. ಹಾಗೆ ಓದಿಕೊಂಡೇ ಹನ್ನೊಂದು ದಿನ ಯಾರೂ ಏನೂ ಹೇಳಿರಲಿಲ್ಲ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹಿಂದೆ ಸಾಕ್ಷರತೆಯ ರಾತ್ರಿ ತರಗತಿಯಲ್ಲಿ ಸಹಿ ಮಾಡುವಷ್ಟು ಕಲಿತಿದ್ದರಂತೆ. ಅವರಿಗೆ ತಮ್ಮ ಹೆಸರು ಅಕ್ಷರಗಳ ಸಾಲಾಗಿ ಗೊತ್ತಿರಲಿಲ್ಲ, ಒಂದು ರಂಗೋಲಿಯ ಹಾಗೆ, ಒಟ್ಟು ಆಕಾರವಾಗಿ ಗೊತ್ತಿತ್ತು. ಆ ರಂಗೋಲಿಯ ಎಳೆ ತಪ್ಪಿತ್ತು. ಎಂದೋ ಒಮ್ಮೆ ಬೇರೆಯವರ ಚೀಟಿಯನ್ನು ತಮ್ಮದೆಂದು ಇಟ್ಟುಕೊಂಡು, ನಾಲ್ಕು ದಿನದ ಹಾಲಿನ ದುಡ್ಡು ಹೋಗಿತ್ತಂತೆ. ಆಮೇಲಿಂದ ಹೆಸರು ನೋಡದೆ ಚೀಟಿ ಮುಟ್ಟುವುದಿಲ್ಲ. ನನಗೆ ಅವರ ಮಾತು ಸಂಪೂರ್ಣ ನ್ಯಾಯವಾಗಿ ಕಂಡಿತು.

ಕಾರ್ಯದರ್ಶಿಯ ಪುಸ್ತಕದಲ್ಲಿ ಕೈಬರಹದಲ್ಲಿ ಲೆಕ್ಕ ಬರೆಸಿ, ಅಜ್ಜಿಯಿಂದ ಸಹಿ ಹಾಕಿಸಿ, ರಾತ್ರಿ ಬಸ್ಸಿಗೆ ವಾಪಸು ಬಂದೆ.

ಫಾಂಟು ಇಲ್ಲವೇನೋ ಎಂಬುದು ಇಂಥಲ್ಲಿ ಬರುವ ಮೊದಲ ಅನುಮಾನ. ಆದರೆ ಫಾಂಟು ಇಲ್ಲದಿದ್ದರೆ ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತವೆ. ಆ ಚೌಕಗಳಿಗೆ ನಮ್ಮ ವೃತ್ತಿಯಲ್ಲಿ ‘ತೋಫು’ ಎನ್ನುತ್ತಾರೆ, ಸೋಯಾ ಹಾಲಿನ ಪನೀರಿನ ತುಂಡುಗಳ ಹಾಗೆ ಕಾಣುತ್ತವೆಂದು. ‘ನೋಟೋ’ ಎಂಬ ಹೆಸರು ಬಂದದ್ದೂ ‘ನೋ ತೋಫು’ ಎಂಬುದರಿಂದಲೇ. ನಮ್ಮ ಚೀಟಿಯಲ್ಲಿ ಚೌಕಗಳಿರಲಿಲ್ಲ. ಫಾಂಟು ತನ್ನ ಜಾಗದಲ್ಲಿ ಕೂತಿತ್ತು. ಪಿಲ್ಲೋವಿನ ಆವೃತ್ತಿ ಅದೇ ಇತ್ತು. ನಮ್ಮ ಕೋಡಿನ ಒಂದಕ್ಷರವೂ ಬದಲಾಗಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಒತ್ತಕ್ಷರಗಳು ಸೊಗಸಾಗಿ ಕೆಳಗೆ ಕೂರುತ್ತಿದ್ದವು.

ಕನ್ನಡವನ್ನು ತೆರೆಯ ಮೇಲೆ ಮೂಡಿಸುವುದು ಎರಡು ಹಂತದ ಕೆಲಸ. ಯುನಿಕೋಡಿನಲ್ಲಿ ‘ಮ್ಮ’ ಎಂಬುದು ಮೂರು ಸಂಕೇತಗಳಾಗಿ ಇರುತ್ತದೆ: ಮ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ಮ. ಇವು ಮೂರೂ ಸೇರಿದಾಗ ಒಂದರ ಕೆಳಗೆ ಒಂದು ಕೂರಬೇಕು ಎಂಬ ನಿಯಮ ಫಾಂಟಿನೊಳಗೆ ಬರೆದಿರುತ್ತದೆ. ಆದರೆ ಆ ನಿಯಮವನ್ನು ಓದಿ ಜಾರಿ ಮಾಡಲು ಬೇರೊಬ್ಬ ಬೇಕು. ಆ ಕೆಲಸ ಮಾಡುವ ಪ್ರಸಿದ್ಧ ಲೈಬ್ರರಿ ಹಾರ್ಫ್‌ಬಜ್. ಪಿಲ್ಲೋ ನೇರವಾಗಿ ಅದರ ಬಳಿ ಹೋಗದೆ ರಾಕ್ಮ್ ಎಂಬ ಮಧ್ಯವರ್ತಿಯ ಮೂಲಕ ಹೋಗುತ್ತದೆ. ರಾಕ್ಮ್ ಇಲ್ಲದಿದ್ದರೆ ಪಿಲ್ಲೋ ಕೂಗಾಡುವುದಿಲ್ಲ, ಸದ್ದಿಲ್ಲದೆ ಸರಳ ಜೋಡಣೆಗೆ ಇಳಿದುಬಿಡುತ್ತದೆ. ಸರಳ ಜೋಡಣೆಯೆಂದರೆ ಒಂದರ ಪಕ್ಕ ಒಂದು. ಇಂಗ್ಲಿಷಿಗೆ ಅದು ಧಾರಾಳವಾಗಿ ಸಾಕು.

ನಮ್ಮ ಪಿಲ್ಲೋ ಪೊಟ್ಟಣದೊಳಗೆ ರಾಕ್ಮ್ ಇತ್ತು. 8.2ನೆಯ ಆವೃತ್ತಿಯಿಂದ ಅದನ್ನು ಒಳಗೇ ಸೇರಿಸಿ ಕೊಡುತ್ತಾರೆ. ಹಾಗಾದರೆ ಇನ್ನೇನು? ಪಿಲ್ಲೋವನ್ನೇ ‘ನಿನ್ನ ಬಳಿ ಏನೇನಿದೆ’ ಎಂದು ಕೇಳುವ ಒಂದು ಸಣ್ಣ ಆಜ್ಞೆಯಿದೆ. ಕೇಳಿದೆ. ಫ್ರಿಬಿಡಿ ಇಲ್ಲ ಎಂದಿತು.

ಇಲ್ಲಿ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ನಡೆದು ಬಂದೆ. ಫ್ರಿಬಿಡಿ ಎಂಬುದು ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ ಇರುವ ಲೈಬ್ರರಿ. ಅರಬ್ಬಿ, ಹೀಬ್ರೂ ಇಂಥವಕ್ಕೆ. ಒಂದೇ ಸಾಲಿನಲ್ಲಿ ಅರಬ್ಬಿಯೂ ಇಂಗ್ಲಿಷೂ ಬಂದರೆ ಯಾವುದು ಎತ್ತ ಕಡೆ ಓಡಬೇಕೆಂದು ಅದು ಲೆಕ್ಕ ಹಾಕುತ್ತದೆ. ಕನ್ನಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಯಾವ ಸಾಲು ಬಂದರೂ ಅದರ ದಿಕ್ಕು ಯಾವುದೆಂದು ರಾಕ್ಮ್ ಮೊದಲು ಫ್ರಿಬಿಡಿಯನ್ನು ಕೇಳುತ್ತದೆ. ಪಿಲ್ಲೋ ಪೊಟ್ಟಣ ರಾಕ್ಮನ್ನು ತನ್ನೊಳಗೆ ಇಟ್ಟುಕೊಂಡಿದ್ದರೂ, ಫ್ರಿಬಿಡಿಯನ್ನು ಮಾತ್ರ ಯಂತ್ರದಲ್ಲಿದ್ದರೆ ಓಡುವಾಗ ಎತ್ತಿಕೊಳ್ಳುತ್ತದೆ, ಇಲ್ಲದಿದ್ದರೆ ರಾಕ್ಮನ್ನೇ ಕೈಬಿಡುತ್ತದೆ. ನಮ್ಮ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸಿನ ಡೆಸ್ಕ್‌ಟಾಪ್ ಇರುವುದರಿಂದ, ಅದರ ಕಿಟಕಿಗಳಲ್ಲಿ ಅಕ್ಷರ ಮೂಡಿಸುವ ಪ್ಯಾಂಗೋ ಫ್ರಿಬಿಡಿಯನ್ನು ಜೊತೆಗೇ ಕರೆತಂದಿರುತ್ತದೆ. ತೆಳು ಗಂಟಿನಲ್ಲಿ ಕಿಟಕಿಗಳಿಲ್ಲ, ಪ್ಯಾಂಗೋ ಇಲ್ಲ, ಹಾಗಾಗಿ ಫ್ರಿಬಿಡಿಯೂ ಇಲ್ಲ. ಅರಬ್ಬಿಯ ದಾರಿ ಹೇಳುವವನು ಊರಲ್ಲಿಲ್ಲದ ಕಾರಣಕ್ಕೆ ತುಮಕೂರಿನ ಅಜ್ಜಿಯ ಹೆಸರಿನ ಒತ್ತಕ್ಷರ ಬಿದ್ದುಹೋಗಿತ್ತು.

ಪರಿಹಾರ ಒಂದು ಸಾಲು. ಕಂಟೇನರ್ ಕಟ್ಟುವ ಕಡತದಲ್ಲಿ ಆ ಲೈಬ್ರರಿಯ ಹೆಸರು ಸೇರಿಸಿದರೆ ಮುಗಿಯಿತು. ಇದು ಯಾರ ತಪ್ಪು ಎಂದು ಆಮೇಲೆ ಒಂದು ಮೀಟಿಂಗೂ ಆಯಿತು. ಯಾರದ್ದೂ ಎಂದು ಹೇಳಲಾಗಲಿಲ್ಲ. ಪಟ್ಟಿಯಲ್ಲಿ ಬರೆಯಲು ಜಾಗವೇ ಇಲ್ಲದ ಸಾಮಾನನ್ನು ಯಾರು ಮರೆತರು ಎಂದು ಹೇಗೆ ಹೇಳುವುದು? ಪೈಥಾನಿನವರಿಗೂ ಇದು ಗೊತ್ತಿದೆ. ಇಂಥ ಹೊರಗಿನ ಅವಲಂಬನೆಗಳನ್ನೂ ಅಧಿಕೃತವಾಗಿ ಬರೆದಿಡಲು ಒಂದು ಕ್ರಮ ಬೇಕೆಂದು 2023ರಲ್ಲಿ 725ನೆಯ ಸಂಖ್ಯೆಯ ಪ್ರಸ್ತಾವವೊಂದು ಅವರಲ್ಲಿ ಬಂತು.

ಈ ಪ್ರಕರಣದ ಮೇಲೆ ನಾನು ಕೋಡಲ್ಲದ ಸಾಮಾನುಗಳ ಕತೆಗಳನ್ನು ಹುಡುಕಿ ಓದತೊಡಗಿದೆ. ಒಂದಕ್ಕಿಂತ ಒಂದು ಚೆನ್ನಾಗಿವೆ. 2021ರ ಮಾರ್ಚಿನಲ್ಲಿ ರೂಬಿ ಭಾಷೆಯ ರೈಲ್ಸ್ ಬಳಸುವ ಲೆಕ್ಕವಿಲ್ಲದಷ್ಟು ಜನರ ಕೆಲಸ ಒಂದು ದಿನ ನಿಂತುಹೋಯಿತು. ಮೈಮ್‌ಮ್ಯಾಜಿಕ್ ಎಂಬ ಪುಟ್ಟ ಲೈಬ್ರರಿಯ ಹಳೆಯ ಆವೃತ್ತಿಗಳೆಲ್ಲ ಅಂಗಡಿಯಿಂದ ಮಾಯವಾಗಿದ್ದವು. ಒಂದು ಕಡತ ಕೊಟ್ಟರೆ ಅದು ಚಿತ್ರವೋ ಹಾಡೋ ಪಿಡಿಎಫೋ ಎಂದು ಹೇಳುವುದು ಅದರ ಕೆಲಸ. ಹೇಳುವ ವಿದ್ಯೆಯೆಲ್ಲ ಇದ್ದದ್ದು ಬೇರೊಂದು ಯೋಜನೆಯಿಂದ ತಂದಿಟ್ಟುಕೊಂಡ ಎಕ್ಸ್‌ಎಂಎಲ್ ಕಡತವೊಂದರಲ್ಲಿ. ಆ ಕಡತ ಜಿಪಿಎಲ್ ಪರವಾನಗಿಯದು, ಲೈಬ್ರರಿ ತನ್ನನ್ನು ಎಂಐಟಿ ಪರವಾನಗಿಯದು ಎಂದು ಹೇಳಿಕೊಂಡಿತ್ತು. ಎರಡೂ ಮುಕ್ತ ಪರವಾನಗಿಗಳೇ, ಆದರೆ ಷರತ್ತು ಬೇರೆ. ಯಾರೋ ಅದನ್ನು ತೋರಿಸಿದರು, ಲೈಬ್ರರಿಯವರು ಹಳೆಯದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡರು, ಸರಪಳಿಯ ತುದಿಯಲ್ಲಿದ್ದ ರೈಲ್ಸ್ ಬಿತ್ತು. ಕೆಲವೇ ದಿನಗಳಲ್ಲಿ ರೈಲ್ಸಿನವರು ಅಪಾಚೆ ಟೀಕಾದ ಮಾಹಿತಿಯನ್ನು ಬಳಸುವ ಬೇರೊಂದು ಲೈಬ್ರರಿಗೆ ಹೋದರು. ಕೋಡಿಗೆ ಪರವಾನಗಿ ನೋಡುವ ನಾವು ಅದರ ಪಕ್ಕದ ಕಡತಕ್ಕೆ ನೋಡುವುದಿಲ್ಲ ಎಂಬುದು ಅವತ್ತು ಬಹಳ ಜನಕ್ಕೆ ತಿಳಿಯಿತು.

ಕಾಲವಲಯದ ಕಡತದ್ದು ಇನ್ನೂ ಸ್ವಾರಸ್ಯ. ಜಗತ್ತಿನ ಯಾವ ಊರಲ್ಲಿ ಯಾವ ವರ್ಷ ಗಡಿಯಾರ ಎಷ್ಟಿತ್ತು ಎಂಬುದನ್ನು ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಒಟ್ಟುಮಾಡಲು ಶುರುಮಾಡಿದರು. ಈಗ ಪಾಲ್ ಎಗರ್ಟ್ ಅದರ ಉಸ್ತುವಾರಿ. ನಮ್ಮ ಫೋನುಗಳಿಂದ ಹಿಡಿದು ಬ್ಯಾಂಕಿನ ಸರ್ವರಿನವರೆಗೆ ಬಹುಪಾಲು ಯಂತ್ರಗಳು ನೋಡುವುದು ಈ ಪಟ್ಟಿಯನ್ನೇ. 2011ರಲ್ಲಿ ಅಸ್ಟ್ರೋಲೇಬ್ ಎಂಬ ಜ್ಯೋತಿಷ್ಯ ಸಾಫ್ಟ್‌ವೇರಿನ ಕಂಪನಿ, ಇದರಲ್ಲಿರುವ ಹಳೆಯ ಸಮಯದ ಮಾಹಿತಿ ನಮ್ಮದು ಎಂದು ಇಬ್ಬರ ಮೇಲೂ ಕೇಸು ಹಾಕಿತು. ಆಗಲೇ ಐಎಎನ್ಎ ಸಂಸ್ಥೆ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಮರು ವರ್ಷ ಕಂಪನಿ ಕೇಸನ್ನು ಹಿಂತೆಗೆದುಕೊಂಡಿತು. ಜ್ಯೋತಿಷ್ಯದವರಿಗೇಕೆ ಕಾಲವಲಯ ಎಂದು ಜಾತಕ ಬರೆಸಿದವರು ಕೇಳಲಾರರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದ ಗಡಿಯಾರ ಒಂದು ಗಂಟೆ ಮುಂದಕ್ಕಿತ್ತು, 1945ರ ಅಕ್ಟೋಬರಿನಲ್ಲಿ ಹಿಂದಕ್ಕೆ ಬಂತು. ಆ ಕಾಲದ ಜಾತಕ ಬರೆಯುವವರು ಒಂದು ಗಂಟೆ ಕಳೆದೇ ಲೆಕ್ಕ ಹಾಕಬೇಕು. ‘ಏಷ್ಯಾ/ಕೋಲ್ಕತ್ತ’ ಎಂಬ ಸಾಲಿನ ಹಿಂದೆ ಇದೂ ದಾಖಲಾಗಿದೆ.

2023ರ ಮಾರ್ಚಿನಲ್ಲಿ ಲೆಬನಾನ್ ಸರ್ಕಾರ, ರಂಜಾನ್ ಮುಗಿಯುವವರೆಗೆ ಬೇಸಿಗೆಯ ಗಡಿಯಾರ ಬೇಡ ಎಂದು ಬದಲಾವಣೆಗೆ ಮೂರು ದಿನ ಮೊದಲು ಹೇಳಿತು. ಕಾಲವಲಯದವರು ತರಾತುರಿಯಲ್ಲಿ ಹೊಸ ಆವೃತ್ತಿ ಕೊಟ್ಟರು. ದೇಶದೊಳಗೆ ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ, ಒಂದೇ ಊರಲ್ಲಿ ಎರಡು ಸಮಯ ನಡೆಯಿತು. ಸರ್ಕಾರ ಹಿಂದೆ ಸರಿಯಿತು. ಐದೇ ದಿನಕ್ಕೆ ಇನ್ನೊಂದು ಆವೃತ್ತಿ ಬಂತು, ಹಿಂದಿನದನ್ನು ರದ್ದು ಮಾಡಲು. ಇಂಥ ಕಡತವನ್ನು ಒಮ್ಮೆ ತಂದು ಇಟ್ಟುಬಿಟ್ಟರೆ ಆಗುವುದಿಲ್ಲ, ತಾಜಾ ಇರಬೇಕು. ಫಾಂಟಿನದು ತದ್ವಿರುದ್ಧ, ಅದು ಬದಲಾಗದೆ ಇದ್ದರೇ ಚೆನ್ನ. ಎಲ್ಲ ಸಾಮಾನಿಗೂ ಒಂದೇ ಕಾನೂನು ಮಾಡಹೊರಡುವವರನ್ನು ನಾನು ನಂಬುವುದಿಲ್ಲ.

ನಮ್ಮ ದೇಶದಲ್ಲಿ ಗಡಿಯಾರ ಬದಲಾಗುವುದಿಲ್ಲವಲ್ಲ, ನಮಗೇನು ಎಂದು ಡೈರಿ ಸಾಫ್ಟ್‌ವೇರಿನ ಮಟ್ಟಿಗೆ ನಾನೂ ಲೆಕ್ಕ ಹಾಕಿ ನೋಡಿದೆ. ಸರ್ವರುಗಳು ಹೇಳದಿದ್ದರೆ ಗ್ರೀನಿಚ್ ಕಡೆಯ ಸಮಯವನ್ನೇ ಹಿಡಿದಿರುತ್ತವೆ. ಅಲ್ಲಿ ದಿನ ಬದಲಾಗುವುದು ನಮ್ಮ ಬೆಳಗ್ಗೆ ಐದೂವರೆಗೆ. ಬೇಗ ಎದ್ದು ಐದೂಕಾಲಿಗೇ ಹಾಲು ತಂದವಳ ಲೆಕ್ಕ ಹಿಂದಿನ ದಿನಕ್ಕೂ, ತಡವಾಗಿ ಬಂದವಳದ್ದು ಇವತ್ತಿಗೂ ಹೋಗಿ ಕೂರುತ್ತದೆ. ಪುಣ್ಯಕ್ಕೆ ನಮ್ಮ ಗಂಟಿನಲ್ಲಿ ಆ ಕಡತ ಇತ್ತು.

ಫಾಂಟಿನ ವಿಷಯದಲ್ಲಿ ನಾವು ಕನ್ನಡಿಗರು ಮೊದಲೇ ಒಂದು ಪಾಠ ಕಲಿತವರು. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಡಿಟಿಪಿ ಕಾಲದ ಕಡತಗಳನ್ನು ಈಗ ತೆರೆದು ನೋಡಿ. ಆಗ ‘ಅ’ ಎಂಬುದಕ್ಕೆ ತನ್ನದೇ ಸಂಕೇತವಿರಲಿಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸಿಡುತ್ತಿದ್ದರು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಲ್ಯಾಟಿನ್ ಅಕ್ಷರಗಳ ಕಸ. ಇಡೀ ಬರಹವೇ ಒಂದು ಫಾಂಟಿನ ಋಣದಲ್ಲಿ ಇರುತ್ತಿತ್ತು. ಎಷ್ಟೋ ಪತ್ರಿಕೆಗಳ ಹಳೆಯ ಸಿಡಿಗಳಲ್ಲಿ ಕತೆಗಳು ಹಾಗೇ ಬೀಗ ಹಾಕಿಕೊಂಡು ಬಿದ್ದಿವೆ, ಬೀಗದ ಕೈ ಯಾವ ಕಂಪ್ಯೂಟರಿನ ಜೊತೆ ಗುಜರಿಗೆ ಹೋಯಿತೋ. ನುಡಿ, ಬರಹದಂಥ ಪರಿಚಿತ ಜೋಡಣೆಗಳಿಗಾದರೆ ಪರಿವರ್ತಕಗಳಿವೆ. ಈಗ ಗುಬ್ಬಿ, ನವಿಲು, ಲೋಹಿತ್, ನೋಟೋ ಇಂಥ ಮುಕ್ತ ಫಾಂಟುಗಳು ಇರುವುದು ದೊಡ್ಡ ನಿರಾಳ. ಅವನ್ನು ನಮ್ಮ ಸಾಫ್ಟ್‌ವೇರಿನ ಜೊತೆಗೇ ಕಟ್ಟಿಕೊಡಬಹುದು.

ಕಟ್ಟಿಕೊಡುವುದು ಹೇಗೆ ಎಂಬುದಕ್ಕೆ ನಮ್ಮ ತಂಡದ ಕಿರಿಯಳೊಬ್ಬಳು ನನ್ನ ಜೊತೆ ಒಂದು ವಾರ ಜಗಳವಾಡಿದಳು. “ಅಕ್ಕಾ, ಫಾಂಟನ್ನ ಗಿಟ್‌ಗೆ ಹಾಕ್ತಾರಾ ಯಾರಾದ್ರೂ? ಪ್ರತಿ ಸಲ ಬದಲಾದಾಗ ಹಳೇದೂ ಹೊಸದೂ ಎರಡೂ ಇತಿಹಾಸದಲ್ಲಿ ಉಳ್ಕೊಳುತ್ತೆ. ಶುರುವಾಗುವಾಗ ಇಂಟರ್ನೆಟ್‌ನಿಂದ ಇಳಿಸ್ಕೊಂಡ್ರೆ ಸಾಕಲ್ವಾ?” ಅವಳು ಹೇಳಿದ್ದು ದೊಡ್ಡ ಕಡತಗಳಿಗೆ ನಿಜ. ಅಂಥವಕ್ಕೆ ಗಿಟ್ ಎಲ್‌ಎಫ್‌ಎಸ್ ಎಂಬ ಏರ್ಪಾಡಿದೆ, ಇತಿಹಾಸದಲ್ಲಿ ಒಂದು ಚೀಟಿಯಷ್ಟೇ ಇರುತ್ತದೆ, ಮೂಟೆ ಬೇರೆ ಗೋದಾಮಿನಲ್ಲಿ. ಆದರೆ ಕೆಲವು ನೂರು ಕೆಬಿಯ ಫಾಂಟಿಗೆ ಅಷ್ಟೆಲ್ಲ ಬೇಡ. ಶುರುವಾಗುವಾಗ ಇಳಿಸಿಕೊಳ್ಳುವುದಂತೂ ಬೇಡವೇ ಬೇಡ. ಆ ವಿಳಾಸ ನಾಳೆ ಇರುತ್ತದೆಂದು ಯಾರು ಹೇಳಿದರು? ಇದ್ದರೂ ಅಲ್ಲಿರುವುದು ಅದೇ ಫಾಂಟು ಎಂದು ಯಾರು ಹೇಳಿದರು?

ಕೊನೆಗೆ ಒಪ್ಪಂದವಾಯಿತು. ಫಾಂಟು ಕೋಡಿನ ಪಕ್ಕದಲ್ಲೇ ಇರಬೇಕು, ಅದರ ಓಎಫ್‌ಎಲ್ ಪರವಾನಗಿಯ ಕಡತವೂ ಜೊತೆಗಿರಬೇಕು. ಯಾವ ಆವೃತ್ತಿ, ಎಲ್ಲಿಂದ ತಂದದ್ದು, ಅದರ ಚೆಕ್‌ಸಮ್ ಏನು ಎಂದು ಒಂದು ಸಾಲು ಬರೆದಿಡಬೇಕು. ಸಿಸ್ಟಮಿನಿಂದ ಬೇಕಾದ ಲೈಬ್ರರಿಗಳ ಹೆಸರಿನ ಮುಂದೆ ಅದು ಯಾಕೆ ಬೇಕು ಎಂಬ ಟಿಪ್ಪಣಿ ಇರಬೇಕು. ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ಬಂದ ಇನ್ನೊಬ್ಬ ಮಿತವ್ಯಯಿ, ಕನ್ನಡದ ಸಾಫ್ಟ್‌ವೇರಿಗೆ ಅರಬ್ಬಿ ಲೈಬ್ರರಿ ಯಾಕೆ ಎಂದು ಅದನ್ನು ಕಿತ್ತುಹಾಕುತ್ತಾನೆ. ಕಿತ್ತುಹಾಕುವುದು ಸಹಜವೂ ಹೌದು.

ಟಿಪ್ಪಣಿಯನ್ನು ನಂಬಿ ಕೂರುವಂತಿಲ್ಲವೆಂದು ಅವಳು ಒಂದು ಪರೀಕ್ಷೆಯನ್ನೂ ಬರೆದಳು. ಹಳೆಯ ಪರೀಕ್ಷೆಗಳು ಚೀಟಿಯ ಚಿತ್ರ ಬಂತೇ ಎಂದು ನೋಡುತ್ತಿದ್ದವು, ಚಿತ್ರದಲ್ಲಿ ಏನು ಬಂತೆಂದು ನೋಡುತ್ತಿರಲಿಲ್ಲ. ಈಗ ಕಂಟೇನರ್ ಕಟ್ಟಿದ ಕೂಡಲೇ ಅದರೊಳಗೆ ಕೆಲವು ಹೆಸರುಗಳನ್ನು ಬಿಡಿಸಿ, ನಾವು ಕಣ್ಣಾರೆ ನೋಡಿ ಸರಿ ಎಂದಿಟ್ಟ ಚಿತ್ರಗಳೊಂದಿಗೆ ಚುಕ್ಕಿಗೆ ಚುಕ್ಕಿ ಹೋಲಿಸುತ್ತದೆ. ಒಂದು ಒತ್ತು ಸರಿದರೂ ಗಂಟು ಹೊರಡುವುದಿಲ್ಲ. ಹೆಸರಿನ ಪಟ್ಟಿ ಶುರುವಾದದ್ದು ಲಕ್ಷ್ಮಮ್ಮನಿಂದ. ಆಮೇಲೆ ಅರ್ಕಾವತ್ತಿಗೆಂದು ಪಾರ್ವತಮ್ಮ ಬಂದಳು, ಋಕಾರಕ್ಕೆ ಕೃಷ್ಣಪ್ಪ, ಎರಡೆರಡು ಒತ್ತಿಗೆ ರಾಜಲಕ್ಷ್ಮ್ಯಮ್ಮ ಎಂದು ನಾವೇ ಕಟ್ಟಿದ, ಯಾರಿಗೂ ಇರಲಾರದ ಒಂದು ಹೆಸರು. ಫಾಂಟಿನ ಹೊಸ ಆವೃತ್ತಿಯೊಂದನ್ನು ಹಾಕಿ ನೋಡಿದಾಗ ಪರೀಕ್ಷೆ ತಡೆಯಿತು. ಒತ್ತುಗಳು ಸರಿಯಾಗಿಯೇ ಇದ್ದವು, ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾಗಿ ಉದ್ದ ಹೆಸರೊಂದು ಎರಡನೆಯ ಸಾಲಿಗೆ ಇಳಿದಿತ್ತು. ಹಳೆಯದನ್ನೇ ಇಟ್ಟುಕೊಂಡೆವು.

ಲೈಬ್ರರಿ ಸೇರಿಸಿದ ಮಾರನೆಯ ದಿನ ಸಂಜೆ ಕಾರ್ಯದರ್ಶಿಗೆ ಫೋನ್ ಮಾಡಿ ಚೀಟಿ ಹೇಗೆ ಬಂತೆಂದು ಕೇಳಿದ್ದೆ. “ಇಸ್ಕೊಂಡ್ರು ಮೇಡಂ” ಎಂದರು. ಏನಾದರೂ ಅಂದರಾ ಎಂದು ಕೇಳಿದೆ. “ಏನಿಲ್ಲ. ಫ್ಯಾಟ್ ಯಾಕೆ ಕಮ್ಮಿ ಬಂದೈತೆ ಅಂತ ಜಗಳ ತೆಗೆದ್ರು.”